ಲ್ಯಾಪ್‌ಟಾಪ್‌ನ ಟಿವಿಗೆ ಹಾಕಿದ್ರೆ ಸುತ್ತಲೂ ಕಟ್ ಆಗ್ತಿದೆ, ಅಕ್ಷರಾನೂ ಮಸುಕು

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ಕೇಬಲ್ ಹಾಕಿ ಫುಲ್ ಎಚ್‌ಡಿ ಟಿವಿಗೆ ಕೊಟ್ಟಿದೀನಿ, ಚಿತ್ರ ಬರ್ತಿದೆ, ಆದ್ರೆ ಕೆಳಗಡೆ ಟಾಸ್ಕ್‌ಬಾರ್ ಅರ್ಧಕ್ಕರ್ಧ ಕಾಣ್ತಿಲ್ಲ, ವಿಂಡೋ ಮುಚ್ಚೋ ಬಟನ್ ಮೂಲೆಯಿಂದ ಆಚೆ ಹೋಗ್ಬಿಟ್ಟಿದೆ. ರೆಸಲ್ಯೂಷನ್ 1920×1080 ಅಂತಾನೇ ತೋರಿಸ್ತಿದೆ. ಗ್ರಾಫಿಕ್ಸ್ ಸಾಫ್ಟ್‌ವೇರ್‌ನಲ್ಲಿ ಸ್ಕೇಲಿಂಗ್ ಸ್ಲೈಡರ್ ಎಳೆದು ಚಿಕ್ಕದು ಮಾಡಿದ್ರೆ ಎಲ್ಲಾ ಒಳಗೆ ಬರುತ್ತೆ, ಆದ್ರೆ ಅಕ್ಷರ ಓದಕ್ಕೇ ಆಗಲ್ಲ ಅಷ್ಟು ಮಸುಕು. ಬೇರೆ ಕೇಬಲ್ ಹಾಕಿದ್ರೂ ಅದೇ ಕತೆ. ಟಿವಿನೇ ಹೋಗಿದ್ಯಾ?

ಉತ್ತರ 1:
ಟಿವಿಗೆ ಏನೂ ಆಗಿಲ್ಲ, ಕೇಬಲ್‌ದೂ ತಪ್ಪಿಲ್ಲ. ಇದಕ್ಕೆ ಓವರ್‌ಸ್ಕ್ಯಾನ್ ಅಂತಾರೆ. ಪಿಕ್ಚರ್ ಟ್ಯೂಬ್ ಟಿವಿ ಕಾಲದಲ್ಲಿ ಚಿತ್ರದ ಅಂಚು ನೆಟ್ಟಗೆ ಇರ್ತಿರ್ಲಿಲ್ಲ, ಅದು ಕಾಣಬಾರದು ಅಂತ ಚಿತ್ರಾನ ಸ್ವಲ್ಪ ಹಿಗ್ಗಿಸಿ ಅಂಚನ್ನ ಚೌಕಟ್ಟಿನ ಹಿಂದೆ ಸರಿಸ್ತಿದ್ರು. ಆ ಅಭ್ಯಾಸ ಈಗಿನ ಎಷ್ಟೋ ಎಲ್ಇಡಿ ಟಿವಿಗಳಲ್ಲೂ ಉಳ್ಕೊಂಡಿದೆ, ಎಚ್‌ಡಿಎಂಐಲಿ 1080ಪಿ ಬಂದ್ರೆ ಅದನ್ನ ಚಾನೆಲ್ ಪ್ರೋಗ್ರಾಂ ಅಂತ ತಿಳ್ಕೊಂಡು ಹಿಗ್ಗಿಸಿಬಿಡುತ್ತೆ. ಒಂದೊಂದು ಕಡೆ ಬರೀ ಎರಡೂವರೆ ಪರ್ಸೆಂಟ್ ಕಟ್ ಆದ್ರೂ ಕೆಳಗಡೆ 27 ಸಾಲು ಪಿಕ್ಸೆಲ್ ಹೋಯ್ತು, ವಿಂಡೋಸ್ 10ರ ಟಾಸ್ಕ್‌ಬಾರ್ ಎತ್ತರಾನೇ 40 ಪಿಕ್ಸೆಲ್, ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಕಾಣೆ.

ದಯವಿಟ್ಟು ಆ ಸ್ಲೈಡರ್‌ನ ವಾಪಸ್ ಸೊನ್ನೆಗೆ ತನ್ನಿ. ಲ್ಯಾಪ್‌ಟಾಪ್ ಚಿತ್ರಾನ 1824×1026ಕ್ಕೆ ಕುಗ್ಗಿಸಿ ಕಳಿಸುತ್ತೆ, ಟಿವಿ ಅದನ್ನೇ ಮತ್ತೆ ಹಿಗ್ಗಿಸುತ್ತೆ, ಎರಡು ಸಲ ಎಳೆದಾಡಿದ ಅಕ್ಷರ ಶಾರ್ಪ್ ಆಗಿ ಎಲ್ಲಿಂದ ಬರ್ಬೇಕು? ಸರಿ ಮಾಡ್ಬೇಕಾಗಿರೋದು ಟಿವಿ ಕಡೆ. ರಿಮೋಟ್‌ನಲ್ಲಿ ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ರೇಶಿಯೋಗೆ ಹೋಗಿ. ಎಲ್‌ಜಿಲಿ 'ಜಸ್ಟ್ ಸ್ಕ್ಯಾನ್', ಸ್ಯಾಮ್‌ಸಂಗ್‌ಲಿ 'ಸ್ಕ್ರೀನ್ ಫಿಟ್' ಅಥವಾ 'ಫಿಟ್ ಟು ಸ್ಕ್ರೀನ್', ಸೋನಿಲಿ 'ಫುಲ್ ಪಿಕ್ಸೆಲ್', ಬೇರೆ ಕೆಲವದ್ರಲ್ಲಿ 'ಡಾಟ್ ಬೈ ಡಾಟ್', ಹೆಸರು ಬೇರೆ ಕೆಲಸ ಒಂದೇ. ಕೆಲವು ಟಿವಿಲಿ ಆ ಇನ್‌ಪುಟ್‌ನ ಹೆಸರನ್ನ 'ಪಿಸಿ' ಅಂತ ಬದಲಾಯಿಸಿದ್ರೇನೇ ಸರಿಹೋಗೋದು, ಅದನ್ನೂ ಮಾಡಿ. ಟಿವಿಲಿ ಇಂಥ ಆಪ್ಷನ್ ಒಂದೂ ಇಲ್ಲ ಅಂದ್ರೆ ಮಾತ್ರ ಸ್ಲೈಡರ್.

ಕೇಳಿದವರು:
ಸರ್, ಜಸ್ಟ್ ಸ್ಕ್ಯಾನ್ ಹಾಕಿದ ತಕ್ಷಣ ನಾಲ್ಕೂ ಮೂಲೆ ಬಂತು, ತುಂಬಾ ಥ್ಯಾಂಕ್ಸ್! ಅಕ್ಷರಾನೂ ಎಷ್ಟೋ ವಾಸಿ, ಆದ್ರೆ ಕಪ್ಪು ಬ್ಯಾಕ್‌ಗ್ರೌಂಡ್ ಮೇಲೆ ಕೆಂಪು ಅಕ್ಷರ ಇದ್ರೆ ಅಂಚೆಲ್ಲಾ ಹರಡ್ಕೊಂಡ ಹಾಗೆ ಕಾಣುತ್ತೆ, ಬಿಳಿ ಅಕ್ಷರದ ಸುತ್ತ ಸಣ್ಣ ಬೆಳಕಿನ ಗೆರೆ, ಕಪ್ಪು ಬಣ್ಣ ಬೂದಿ ಥರ. ಇದ್ಯಾಕೆ?

ಉತ್ತರ 2:
ಅದು ಮೂರು ಬೇರೆ ಬೇರೆ ವಿಷಯ. ಬಿಳಿ ಗೆರೆ ಬರೋದು ಟಿವಿಯ ಶಾರ್ಪ್‌ನೆಸ್‌ನಿಂದ, ಪಿಸಿಗೆ ಅದು ಬೇಡ, ಸೊನ್ನೆ ಮಾಡಿ (ಕೆಲವು ಟಿವಿಲಿ ಮಾತ್ರ ಸೊನ್ನೆಗೆ ಹೋದ್ರೆ ಮಬ್ಬಾಗುತ್ತೆ, ಅಲ್ಲಿ ನಡುವೆ ಎಲ್ಲೋ ನಿಲ್ಲಿಸ್ಬೇಕು). ಕೆಂಪು ಹರಡೋದು ಬಣ್ಣದ ಮಾಹಿತಿ ಕಮ್ಮಿ ಆಗೋದ್ರಿಂದ, 4:2:2 ಅಥವಾ 4:2:0 ಅನ್ನೋ ಕಲರ್ ಫಾರ್ಮ್ಯಾಟ್‌ನಲ್ಲಿ ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದೇ ಬಣ್ಣ ಹಂಚ್ಕೋತವೆ, ಸಿನಿಮಾದಲ್ಲಿ ಗೊತ್ತೇ ಆಗಲ್ಲ, ಸಣ್ಣ ಅಕ್ಷರದಲ್ಲಿ ತಕ್ಷಣ ಗೊತ್ತಾಗುತ್ತೆ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಕಲರ್ ಫಾರ್ಮ್ಯಾಟ್ ಆರ್‌ಜಿಬಿ ಅಥವಾ 4:4:4 ಇಡಿ (ಇವುಗಳಲ್ಲಿ ಪ್ರತಿ ಪಿಕ್ಸೆಲ್‌ಗೂ ಅದರದ್ದೇ ಬಣ್ಣ), ಮತ್ತೆ ಟಿವಿ ಪಿಸಿ ಮೋಡ್‌ನಲ್ಲಿ ಇದ್ಯಾ ನೋಡಿ, ಯಾಕಂದ್ರೆ ಲ್ಯಾಪ್‌ಟಾಪ್ ಸರಿಯಾಗಿ ಕಳಿಸಿದ್ರೂ ಬೇರೆ ಮೋಡ್‌ನಲ್ಲಿ ಟಿವಿ ತಾನೇ ಬಣ್ಣಾನ ಕಮ್ಮಿ ಮಾಡ್ಕೊಳ್ಳುತ್ತೆ.

ಕಪ್ಪು ಬೂದಿ ಆಗೋದು ರೇಂಜ್ ಹೊಂದ್ತಿಲ್ಲ ಅಂತ. ಟಿವಿ ಲೆಕ್ಕದಲ್ಲಿ ಕಪ್ಪು ಅಂದ್ರೆ 16, ಬಿಳಿ 235, ಇದು ಲಿಮಿಟೆಡ್ ರೇಂಜ್. ಕಂಪ್ಯೂಟರ್ ಲೆಕ್ಕದಲ್ಲಿ 0 ಮತ್ತು 255, ಇದು ಫುಲ್ ರೇಂಜ್. ಲ್ಯಾಪ್‌ಟಾಪ್ ಲಿಮಿಟೆಡ್ ಕಳಿಸ್ತಾ ಟಿವಿ ಫುಲ್ ಅಂದ್ಕೊಂಡ್ರೆ ಬೂದಿ, ಉಲ್ಟಾ ಆದ್ರೆ ಕತ್ತಲೆ ಭಾಗದ ವಿವರವೆಲ್ಲ ಕಪ್ಪಲ್ಲಿ ಮುಳುಗಿಹೋಗುತ್ತೆ. ಎರಡೂ ಕಡೆ ಫುಲ್ ಇಡಿ.

ಇನ್ನೊಬ್ಬರು:
ನಂದು 4ಕೆ ಟಿವಿ. ಇಲ್ಲಿ ಹೇಳಿದ್ದೆಲ್ಲಾ ಮಾಡಿದೆ, ಚಿತ್ರ ಚೆನ್ನಾಗಿದೆ, ಮೌಸ್ ಮಾತ್ರ ತಡವರಿಸ್ಕೊಂಡು ಓಡ್ತಿದೆ.

ಉತ್ತರ 1:
ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗುತ್ತೆ ಅನ್ನೋದು) 30 ಹರ್ಟ್ಜ್‌ಗೆ ನಿಂತಿರುತ್ತೆ ನೋಡಿ, ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಲಿ ಕಾಣುತ್ತೆ. ಎಚ್‌ಡಿಎಂಐ 1.4 ಪೋರ್ಟ್‌ಗೆ ಸೆಕೆಂಡಿಗೆ 10.2 ಗಿಗಾಬಿಟ್ ಅಷ್ಟೇ ತಾಕತ್ತು, ಪೂರ್ತಿ ಬಣ್ಣದಲ್ಲಿ 4ಕೆ 30ಕ್ಕೆ ಸಾಕು, 60ಕ್ಕೆ 2.0 ಬೇಕು, ಅದು 18 ಗಿಗಾಬಿಟ್. ಲ್ಯಾಪ್‌ಟಾಪ್ ಪೋರ್ಟ್ ಯಾವ್ದು ಅಂತ ಮೊದಲು ನೋಡ್ಕೊಳ್ಳಿ. 2.0 ಇದ್ದೂ 60 ಬರ್ತಿಲ್ಲ ಅಂದ್ರೆ ಟಿವಿಲಿ ಆ ಪೋರ್ಟ್‌ಗೆ 'ಡೀಪ್ ಕಲರ್', 'ಇನ್‌ಪುಟ್ ಸಿಗ್ನಲ್ ಪ್ಲಸ್' ಅಥವಾ 'ಎನ್‌ಹಾನ್ಸ್ಡ್ ಫಾರ್ಮ್ಯಾಟ್' ಅನ್ನೋದನ್ನ ಆನ್ ಮಾಡ್ಬೇಕು, ಎಷ್ಟೋ ಟಿವಿಲಿ ಅದು ಆಫ್ ಆಗೇ ಬರುತ್ತೆ. 60 ಹಾಕಿದ್ಮೇಲೆ ಸ್ಕ್ರೀನ್ ಆಗಾಗ ಕಪ್ಪಾಗಿ ವಾಪಸ್ ಬಂದ್ರೆ, ಅಥವಾ ಚುಕ್ಕಿ ಚುಕ್ಕಿ ಮಿನುಗಿದ್ರೆ, ಕೇಬಲ್ ಮೇಲೆ ಅನುಮಾನ ಪಡಬೇಕಾಗಿರೋದು ಆಗ. ಪ್ರೀಮಿಯಂ ಹೈ ಸ್ಪೀಡ್ ಅಂತ ಬರೆದಿರೋ ಗಿಡ್ಡ ಕೇಬಲ್ ಹಾಕಿ ನೋಡಿ. ಪೋರ್ಟೇ 1.4 ಆಗಿದ್ರೆ ಸುಮ್ನೆ 1080ಪಿ 60ರಲ್ಲಿ ಇಟ್ಕೊಳ್ಳಿ, ಮೌಸ್ ಸಲೀಸಾಗಿ ಓಡುತ್ತೆ.