ಅಪ್‌ಡೇಟ್: ಎಲ್ಲರಿಗೂ ಒಂದೇ ಪಾಸ್‌ವರ್ಡ್ ಅನ್ನೋ ರಗಳೆ ಮುಗೀತು

ಒಬ್ಬ ಗ್ರಾಹಕರು ಇನ್ನೊಬ್ಬರ ಫೈಲ್ ಮುಟ್ಟದ ಹಾಗೆ ಮಾಡೋದು ಹೇಗೆ ಅಂತ ಹೋದ ತಿಂಗಳು ಕೇಳಿದ್ದೆ, ನೆನಪಿದೆಯಾ? ನನ್ನ ಒಂದೇ ಸರ್ವರ್‌ನಲ್ಲಿ 22 ಗ್ರಾಹಕರ ಸೈಟ್‌ಗಳು, ಎಲ್ಲರಿಗೂ ಒಂದೇ ಎಫ್‌ಟಿಪಿ (ಸರ್ವರ್‌ಗೆ ಫೈಲ್ ಕಳಿಸುವ ಹಳೇ ವಿಧಾನ) ಲಾಗಿನ್. ಬೇಕರಿಯವರೊಬ್ಬರು ಕೇಕಿನ ಫೋಟೋ ಹಾಕಲು ಹೋಗಿ ಟೈಲ್ಸ್ ಅಂಗಡಿಯವರ ಫೋಲ್ಡರನ್ನೇ ಎಳೆದು ಇನ್ನೆಲ್ಲೋ ಬಿಟ್ಟಿದ್ದರು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದಂತೆ ಎಫ್‌ಟಿಪಿ ನಿಲ್ಲಿಸಿ, ಫೈಲ್‌ಗಳನ್ನು ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಫ್‌ಟಿಪಿ ಮಾಡಿದೆ. ಒಬ್ಬೊಬ್ಬರಿಗೂ ಬೇರೆ ಯೂಸರ್, ಅವರವರ ಫೋಲ್ಡರ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಇಲ್ಲೇ ಅರ್ಧ ದಿನ ಹಾಳಾಗಿದ್ದು! ಪಾಸ್‌ವರ್ಡ್ ಸರಿ ಇದೆ, ಲಾಗಿನ್ ಆಗುತ್ತದೆ, ಮರುಕ್ಷಣ ಕನೆಕ್ಷನ್ ಕಟ್. ಕೊನೆಗೆ ಲಾಗ್ ತೆಗೆದು ನೋಡಿದೆ. ಚ್‌ರೂಟ್ ಮಾಡಿದ (ಯೂಸರ್ ಆಚೆ ಹೋಗದಂತೆ ಕಟ್ಟಿಹಾಕಿದ) ಫೋಲ್ಡರ್ ರೂಟ್, ಅಂದರೆ ಸರ್ವರ್‌ನ ಮುಖ್ಯ ಅಡ್ಮಿನ್ ಹೆಸರಿನಲ್ಲೇ ಇರಬೇಕಂತೆ, ಬೇರೆ ಯಾರಿಗೂ ರೈಟ್ ಪರ್ಮಿಶನ್ ಇರಬಾರದಂತೆ. ಅದಕ್ಕೆ 755 (ಒಡೆಯನಿಗೆ ಮಾತ್ರ ರೈಟ್ ಪರ್ಮಿಶನ್, ಉಳಿದವರಿಗೆ ಓದುವುದು, ಒಳಹೋಗುವುದು ಅಷ್ಟೇ) ಕೊಟ್ಟು, ಒಳಗೆ ಇನ್ನೊಂದು ಫೋಲ್ಡರ್ ಮಾಡಿ ಅದನ್ನು ಗ್ರಾಹಕರ ಹೆಸರಿಗೆ ಬಿಟ್ಟೆ. ಆಮೇಲೆ ತಕರಾರಿಲ್ಲ.

ಡೆಪ್ಲಾಯ್‌ಗೆ, ಅಂದರೆ ಸೈಟಿನ ಹೊಸ ಆವೃತ್ತಿ ಹಾಕಲು, ಈಗ ಪ್ರತಿ ಸಲ ಹೊಸ ಫೋಲ್ಡರ್, ‘ಕರೆಂಟ್’ ಅನ್ನೋ ಸಿಮ್‌ಲಿಂಕನ್ನು (ಬೇರೆ ಫೋಲ್ಡರ್‌ಗೆ ಕೈತೋರಿಸುವ ಶಾರ್ಟ್‌ಕಟ್) ಅದರ ಕಡೆ ತಿರುಗಿಸುವುದು, ಅಷ್ಟೇ. ಕೆಟ್ಟರೆ ಲಿಂಕ್ ಹಳೇ ಫೋಲ್ಡರ್‌ಗೆ ವಾಪಸ್. ಮೊದಮೊದಲು ಲಿಂಕ್ ತಿರುಗಿಸಿದರೂ ಹಳೇ ಪುಟವೇ ಬರುತ್ತಿತ್ತು, ಸೈಟ್ ನಡೆಸುವ ಪಿಎಚ್‌ಪಿ ಭಾಷೆಯ ಆಪ್‌ಕ್ಯಾಶ್ (ಕಂಪೈಲ್ ಆದ ಕೋಡನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಭಾಗ) ಕಿತಾಪತಿ. ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಸಾಫ್ಟ್‌ವೇರಿನ ಕಾನ್ಫಿಗ್‌ನಲ್ಲಿ, ಲಿಂಕಿನ ವಿಳಾಸವನ್ನೇ ಕೊಡುವ ಡಾಕ್ಯುಮೆಂಟ್ ರೂಟ್ ಬದಲು ಲಿಂಕ್ ತೋರಿಸುವ ನಿಜವಾದ ಫೋಲ್ಡರಿನ ವಿಳಾಸ ಕೊಡುವ ರಿಯಲ್‌ಪಾತ್ ರೂಟ್ ಹಾಕಿದೆ, ಸರಿಹೋಯಿತು.

ನಿನ್ನೆ ಬೇಕರಿಯವರ ಫೋನ್. “ಸಾರ್, ಬೇರೆಯವರ ಫೋಲ್ಡರ್ ಒಂದೂ ಕಾಣ್ತಿಲ್ಲ. ನಾನೇ ಡಿಲೀಟ್ ಮಾಡಿಬಿಟ್ನಾ?”