ಮಲಯಾಳ ಓದಲು ಬಾರದವರು ಟೋಕನ್, ನೋಟೀಸು ಹೇಗೆ ಸುಧಾರಿಸುತ್ತೀರಿ?

ಚಾ ಅಂಗಡಿ ಅಕ್ಕ
ನನ್ನದು ಕಾಸರಗೋಡಿನ ಬದಿಯಡ್ಕ–ಪೆರ್ಲ ರಸ್ತೆ ಬದಿಯಲ್ಲಿ ಸಣ್ಣ ಚಾ ಅಂಗಡಿ. ಮಲಯಾಳ ಮಾತಾಡಲು ಬರುತ್ತದೆ, ಗಿರಾಕಿಗಳ ಹತ್ತಿರ ಜಗಳವೂ ಮಾಡುತ್ತೇನೆ. ಓದಲು ಮಾತ್ರ ಬರುವುದಿಲ್ಲ. ಕಲಿತದ್ದು ಕನ್ನಡ ಶಾಲೆಯಲ್ಲಿ.

ಕಳೆದ ವಾರ ಅತ್ತೆಯ ಮೊಣಕಾಲು ತೋರಿಸಲು ಸರ್ಕಾರಿ ಆಸ್ಪತ್ರೆಗೆ ಹೋಗಿದ್ದೆ. ಮಗಳು ಹಿಂದಿನ ರಾತ್ರಿಯೇ ಸರ್ಕಾರದ ಆನ್‌ಲೈನ್ ತಾಣ ಇ-ಹೆಲ್ತ್‌ನಲ್ಲಿ ಓಪಿ ಟೋಕನ್ ಮಾಡಿ ಕೊಟ್ಟಿದ್ದಳು. ಎಂಟು ಗಂಟೆಗೇ ಹೋಗಿ ಬೆಂಚಿನಲ್ಲಿ ಕೂತೆವು. ಹನ್ನೊಂದಾದರೂ ಕರೆಯಲಿಲ್ಲ. ಕೊನೆಗೆ ಪಕ್ಕದ ಹುಡುಗ ಕೇಳಿದ, ಗೋಡೆಯ ಕಾಗದ ನೋಡಿಲ್ವಾ, ಎಲುಬಿನ ಡಾಕ್ಟರು ಇವತ್ತು ರಜೆ ಅಂತ. ಅತ್ತೆ ಮೂರು ಗಂಟೆ ತಲೆ ಒರಗಿಸಿ ಕೂತದ್ದು ಅದೇ ಕಾಗದಕ್ಕೆ!

ಅಂಗಡಿಯಲ್ಲೂ ಇದೇ ಕಥೆ. ಬಾಗಿಲಿಗೆ ಒಂದು ಕಾಗದ ಅಂಟಿಸಿ ಹೋಗಿದ್ದರು. ಓಣಂನ ಲಕ್ಕಿ ಡ್ರಾ ಇರಬೇಕು ಅಂದುಕೊಂಡೆ. ಮನೆ, ಅಂಗಡಿಯ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯ ಅಕ್ಕ ಕ್ಯೂಆರ್ ಸ್ಕ್ಯಾನ್ ಮಾಡಲು ಬಂದಾಗ ಓದಿ ಹೇಳಿದರು. ಪ್ಲಾಸ್ಟಿಕ್ ಕೊಟ್ಟ ರಶೀದಿ ತೋರಿಸಬೇಕು, ಇಲ್ಲದಿದ್ದರೆ ದಂಡ. ವಾಯಿದೆ ಮೊನ್ನೆಗೇ ಮುಗಿದಿತ್ತು. ತಿಂಗಳಿಗೆ 100 ರೂಪಾಯಿ ತಪ್ಪದೆ ಕೊಡುವವಳು ನಾನು. ರಶೀದಿ ಮೆಸೇಜೆಲ್ಲ ಹಳೆ ಫೋನಿನಲ್ಲಿ. ಆ ಫೋನು ಸಾಂಬಾರಿಗೆ ಬಿದ್ದು ಸತ್ತಿದೆ.

ಇಂಥ ನೋಟೀಸು ಕನ್ನಡದಲ್ಲಿ ಕೊಡಿ ಅಂತ ಕೇಳಬಹುದಾ? ಡಾಕ್ಟರು ಇದ್ದಾರಾ ಅಂತ ಬಸ್ಸು ಹತ್ತುವ ಮೊದಲೇ ತಿಳಿಯುವ ದಾರಿ ಉಂಟಾ?

ಕುಂಬಳೆ ಬೇಕರಿ
ರಶೀದಿಗೆ ಹೆದರಬೇಡಿ ಅಕ್ಕ. ಸ್ಕ್ಯಾನ್ ಮಾಡಿದ್ದೆಲ್ಲ ಹರಿತಮಿತ್ರಂ ಆ್ಯಪ್‌ನಲ್ಲಿ ಇರುತ್ತದೆ, ಸೇನೆಯವರ ಹತ್ತಿರವೇ ತೆಗೆಸಿ.

ಹಾಲಿನ ಪ್ಲಾಸ್ಟಿಕ್ ತೊಟ್ಟೆ ತೊಳೆದು ಒಣಗಿಸಿಯೇ ಕೊಡಿ. ನಾವು ಹಿಂದುಗಡೆ ಹಗ್ಗಕ್ಕೆ ಕ್ಲಿಪ್ ಹಾಕಿ ಸಾಲಾಗಿ ನೇತುಹಾಕುತ್ತೇವೆ, ಮಗುವಿನ ಬಟ್ಟೆ ಹಾಗೆ. ಮಳೆಗಾಲದಲ್ಲಿ ಬೋರ್ಮದ, ಅಂದರೆ ಬೇಕರಿ ಒಲೆಯ ಬಿಸಿಗೆ. ಒದ್ದೆ ತೊಟ್ಟೆ ನಾಲ್ಕು ದಿನಕ್ಕೆ ನಾರುತ್ತದೆ, ಅವರು ಮುಟ್ಟುವುದಿಲ್ಲ. ತಪ್ಪೂ ಅಲ್ಲ, ಕೈಯಲ್ಲಿ ಬೇರೆ ಬೇರೆ ಮಾಡುವವರು ಅವರೇ ಅಲ್ವಾ. ಚಾ ಚರಟ, ಹಣ್ಣಿನ ಸಿಪ್ಪೆ ನಾವೇ ಗೊಬ್ಬರ ಮಾಡಬೇಕು. ಪಾರ್ಸೆಲಿಗೆ ತೆಳು ತೊಟ್ಟೆ ಕೊಡಲೇಬೇಡಿ, ಕೇರಳದಲ್ಲಿ 2020ರ ಜನವರಿಯಿಂದಲೇ ನಿಷೇಧ.

ಮಂಜೇಶ್ವರ ಮಾವ
ಕೇಳಬಹುದಾ ಅಂತ ಯಾಕೆ ಹೆದರುವುದು ತಂಗೀ? 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲೇ ಉಂಟು. ನಮ್ಮಂಥ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಬಾಯಲ್ಲಿ ಹೇಳಿದರೆ ಗಾಳಿಗೆ ಹೋಯಿತು. ಅರ್ಜಿ ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ನಾನು ಗುಮಾಸ್ತನಾಗಿದ್ದಾಗ ಕನ್ನಡ ಅರ್ಜಿ ಬಂದರೆ ಎಲ್ಲರೂ ನನ್ನ ಮೇಜಿಗೆ ತಳ್ಳುತ್ತಿದ್ದರು. ಈಗ ಆ ಮೇಜಿನಲ್ಲಿ ಯಾರಿದ್ದಾರೋ.

ನೀರ್ಚಾಲು ಹುಡುಗ
ಇಷ್ಟೆಲ್ಲ ರಗಳೆ ಯಾಕೆ, ಸುಮ್ನೆ ಮಂಗಳೂರಿಗೆ ಕರಕೊಂಡು ಹೋಗಿ.

ಮುಳ್ಳೇರಿಯ ನರ್ಸಕ್ಕ
ಟೋಕನ್ ಸಿಕ್ಕಿದ ಕೂಡಲೇ ಡಾಕ್ಟರು ಇರುತ್ತಾರೆ ಅಂತ ಲೆಕ್ಕ ಹಾಕಬೇಡಿ. ಹಿಂದಿನ ದಿನ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಹೇಳಿ, ವಿಚಾರಿಸಿ ಕೊಡುತ್ತಾರೆ. ಹೊರಡುವ ಮೊದಲು ಆಸ್ಪತ್ರೆಗೂ ಒಂದು ಫೋನ್ ಮಾಡಿ. ಹಳೇ ಮಾತ್ರೆ ಮುಂದುವರಿಸಬೇಕಾ ಅಂತ ಕೇಳಲಿಕ್ಕೆ ಮಾತ್ರ ಆದರೆ ಇ-ಸಂಜೀವನಿ ಸಾಕು, ಮನೆಯಿಂದಲೇ ವಿಡಿಯೋದಲ್ಲಿ, ದುಡ್ಡಿಲ್ಲದೆ. ಮೊಣಕಾಲು ಮಡಚಿ ನೋಡಬೇಕಾದರೆ ಹೋಗಲೇಬೇಕು.

ಚಾ ಅಂಗಡಿ ಅಕ್ಕ
ನೀರ್ಚಾಲು ತಮ್ಮ, ಮಂಗಳೂರಿಗೆ ಕಾರು, ಸ್ಕ್ಯಾನು, ಊಟ ಅಂತ ನನ್ನ ಒಂದು ವಾರದ ವ್ಯಾಪಾರ ಹೋಗುತ್ತದೆ. 2020ರಲ್ಲಿ ಕೊರೋನಾ ಸಮಯ ಕರ್ನಾಟಕದವರು ಗಡಿ ರಸ್ತೆಗೆ ಮಣ್ಣು ಹಾಕಿ ಮುಚ್ಚಿದ್ದೂ ಮರೆತಿಲ್ಲ. ಉಕ್ಕಿನಡ್ಕ ಮೆಡಿಕಲ್ ಕಾಲೇಜು ನಮ್ಮ ರಸ್ತೆಯಲ್ಲೇ ಉಂಟು. 2013ರಲ್ಲಿ ಅಡಿಗಲ್ಲು ಹಾಕಿದಾಗ ಮಗಳು ಒಂದನೇ ಕ್ಲಾಸು. ಕಾಲೇಜಿಗೆ ಎಂಬಿಬಿಎಸ್ ಸೀಟು ಸಿಕ್ಕಿದ್ದು 2025ರಲ್ಲಿ, ಇವಳ ಪ್ಲಸ್ ಟು ಮುಗಿದ ಮೇಲೆ.

ಮಾವ, ನೀವು ಹೇಳಿದ ಹಾಗೆ ಇವತ್ತು ಅರ್ಜಿ ಕೊಟ್ಟೆ. ಕೌಂಟರಿನ ಹುಡುಗಿ ತಿರುಗಿಸಿ ಮುರುಗಿಸಿ ನೋಡಿ, "ಚೇಚಿ, ಇದನ್ನೊಮ್ಮೆ ಓದಿ ಹೇಳ್ತೀರಾ" ಅಂತ ಮಲಯಾಳದಲ್ಲಿ ಕೇಳಿದಳು. ಓದಿ ಹೇಳಿದೆ. ಸೀಲು ಹಾಕಿದಳು.