ಪ್ರೋಟಾನ್ ಕೊಡಿಸದಿದ್ದರೆ ಮಗುವಿಗೆ ಅನ್ಯಾಯವಾಗುತ್ತಾ?

ಪ್ರಶ್ನೆ (ಹಾಸನದ ಒಬ್ಬ ತಾಯಿ): ನಮಸ್ಕಾರ ಡಾಕ್ಟ್ರೇ. ಮಗನಿಗೆ ಎಂಟು ವರ್ಷ. ತಲೆಯ ಹಿಂಭಾಗದ ಗಡ್ಡೆ ಆಪರೇಷನ್ ಆಗಿ ಇವತ್ತಿಗೆ 16 ದಿನ. ಬಯಾಪ್ಸಿಯಲ್ಲಿ ಮೆಡುಲ್ಲೊಬ್ಲಾಸ್ಟೊಮಾ ಅಂತ, ಅಂದ್ರೆ ಮೆದುಳಿನ ಒಂದು ಥರ ಕ್ಯಾನ್ಸರ್ ಅಂತ ಬಂದಿದೆ. ತಲೆಗೂ ಬೆನ್ನಿಗೂ ಕರೆಂಟ್ ಇಡಬೇಕಂತೆ. ನಮ್ಮ ಭಾವ, ಸಾಲವಾದರೂ ಸರಿ, ಪ್ರೋಟಾನೇ ಕೊಡಿಸಿ, ಕೀಮೋನೂ ತಪ್ಪುತ್ತೆ ಅಂತಾರೆ. ಏನು ಮಾಡಲಿ?

ಉತ್ತರ (ರೇಡಿಯೇಷನ್ ಡಾಕ್ಟರ್): ಅಮ್ಮಾ, ಮೊದಲು ಕೀಮೋ ವಿಷಯ. ಅದು ತಪ್ಪುವುದಿಲ್ಲ. ಪ್ರೋಟಾನ್ ಕೂಡ ನೀವು ಕರೆಂಟ್ ಅನ್ನುವ ರೇಡಿಯೇಷನ್ನೇ, ಗುರಿಯಿಟ್ಟ ಜಾಗಕ್ಕೆ ಮಾತ್ರ. ಕೀಮೋ ರಕ್ತದಲ್ಲಿ ಮೈಯೆಲ್ಲ ಓಡಾಡುವ ಔಷಧಿ. ಒಂದರ ಕೆಲಸ ಇನ್ನೊಂದು ಮಾಡದು.

ಗಡ್ಡೆಯ ಕಣಗಳನ್ನು ಸಾಯಿಸುವುದರಲ್ಲಿ ಎಕ್ಸ್‌ರೇ ಕಿರಣವೂ ಪ್ರೋಟಾನೂ ಹೆಚ್ಚುಕಡಿಮೆ ಸಮ. ವ್ಯತ್ಯಾಸ ಇರುವುದು ಗುರಿ ದಾಟಿದ ಮೇಲೆ. ಬೆನ್ನಿನ ಕಡೆಯಿಂದ ಬಿಟ್ಟ ಎಕ್ಸ್‌ರೇ ಬೆನ್ನುಹುರಿ ದಾಟಿ ಥೈರಾಯ್ಡ್, ಹೃದಯ, ಕರುಳನ್ನೆಲ್ಲ ಹಾಯ್ದು ಆಚೆ ಹೋಗುತ್ತೆ. ಪ್ರೋಟಾನ್ ನಾವು ಹೇಳಿದ ಆಳದಲ್ಲಿ ತನ್ನ ಶಕ್ತಿ ಸುರಿದು ಅಲ್ಲೇ ನಿಲ್ಲುತ್ತೆ. ಇನ್ನೂ ಅರವತ್ತು ಎಪ್ಪತ್ತು ವರ್ಷ ಬಾಳಬೇಕಾದ ಹುಡುಗನಿಗೆ ಇದು ದೊಡ್ಡ ಲಾಭ. ನಿಮ್ಮ ಭಾವ ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ.

ಆದರೆ ಎಲ್ಲವೂ ಉಳಿಯಲ್ಲ. ಈ ಕಾಯಿಲೆಯ ಕಣಗಳು ಮೆದುಳಿನ ನೀರಿನಲ್ಲಿ ತೇಲಿ ಹೋಗುತ್ತವೆ, ಹಾಗಾಗಿ ಯಾವ ಮಿಷನ್ನಾದರೂ ಇಡೀ ಮೆದುಳಿಗೆ ಡೋಸ್ ಕೊಡಲೇಬೇಕು. ಬೆಳೆಯುವ ಮಕ್ಕಳಲ್ಲಿ ಬೆನ್ನುಮೂಳೆಯನ್ನೂ ಬೇಕೆಂದೇ ಪೂರ್ತಿ ಸೇರಿಸುತ್ತೇವೆ. ಮೂಳೆಯ ಅರ್ಧಕ್ಕೆ ಡೋಸ್ ಬಿದ್ದು ಅರ್ಧ ಬಿಟ್ಟರೆ ಬೆನ್ನು ಸೊಟ್ಟ ಬೆಳೆಯಬಹುದು. ಹಾಗಾಗಿ ಎತ್ತರ ಸ್ವಲ್ಪ ಕುಗ್ಗುವುದು ಎರಡರಲ್ಲೂ ಇದೆ.

ನನಗೆ ಭಯ ಇರುವುದು ದಿನ ಕಳೆಯುವುದರ ಬಗ್ಗೆ. ಆಪರೇಷನ್ ಆಗಿ ನಾಲ್ಕರಿಂದ ಆರು ವಾರದೊಳಗೆ ಶುರುವಾಗಬೇಕು, ಏಳು ದಾಟಲೇಬಾರದು. ಚೆನ್ನೈನ ಅಪೋಲೋದಲ್ಲಿ 2019ರಿಂದ ಪ್ರೋಟಾನ್ ಇದೆ, ನವಿ ಮುಂಬೈನ ಖಾರ್ಘರ್‌ನಲ್ಲಿ ಟಾಟಾ ಕ್ಯಾನ್ಸರ್ ಆಸ್ಪತ್ರೆಯವರು 2023ರಲ್ಲಿ ಶುರು ಮಾಡಿದರು. ನಾಳೆಯೇ ಎರಡೂ ಕಡೆ ಫೋನ್ ಮಾಡಿ. ತಾರೀಖು ಯಾವಾಗ, ಒಟ್ಟು ಖರ್ಚೆಷ್ಟು, ಸಹಾಯ ಏನು ಸಿಗುತ್ತೆ, ಈ ಮೂರನ್ನೇ ಕೇಳಿ. ಸಾಮಾನ್ಯವಾಗಿ 30 ಸಿಟ್ಟಿಂಗ್, ವಾರಕ್ಕೆ ಐದರಂತೆ ಆರು ವಾರ. ಅಲ್ಲಿ ಉಳಿಯುವ ಬಾಡಿಗೆಯನ್ನೂ ಲೆಕ್ಕ ಹಾಕಿ. ಹೊಂದದಿದ್ದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ಎಕ್ಸ್‌ರೇ ರೇಡಿಯೇಷನ್‌ನ್ನೇ ಹೊತ್ತಿಗೆ ಸರಿಯಾಗಿ ಶುರು ಮಾಡಿಸಿ. ಅನ್ಯಾಯ ಖಂಡಿತ ಅಲ್ಲ. ವರ್ಷಾನುಗಟ್ಟಲೆ ಮಕ್ಕಳು ಗುಣವಾಗಿರುವುದು ಅದರಿಂದಲೇ.

ಪ್ರಶ್ನೆ (ಇನ್ನೊಬ್ಬರು): ಸರ್, ನಮ್ಮ ಮಾವನಿಗೆ 71, ಪ್ರಾಸ್ಟೇಟ್ ಕ್ಯಾನ್ಸರ್. ಸೈಟ್ ಮಾರಿ ಪ್ರೋಟಾನ್ ಕೊಡಿಸೋಣ ಅಂತಿದ್ದೀವಿ.

ಉತ್ತರ: ಮಾರಬೇಡಿ. ಅಮೆರಿಕದಲ್ಲಿ ಸುಮಾರು 450 ಗಂಡಸರಲ್ಲಿ ಪ್ರೋಟಾನನ್ನೂ ಐಎಂಆರ್‌ಟಿಯನ್ನೂ (ಗಡ್ಡೆಯ ಆಕಾರಕ್ಕೆ ತಕ್ಕಂತೆ ಕೊಡುವ ಎಕ್ಸ್‌ರೇ ರೇಡಿಯೇಷನ್) ನೇರವಾಗಿ ಹೋಲಿಸಿ ನೋಡಿದರು. 2024ರಲ್ಲಿ ಬಂದ ಫಲಿತಾಂಶದಲ್ಲಿ ಎರಡು ವರ್ಷದ ನಂತರ ಮಲಮೂತ್ರದ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಐಎಂಆರ್‌ಟಿ ನಮ್ಮೂರುಗಳಲ್ಲೇ ಸಿಗುತ್ತೆ.

ಹಾಸನದ ತಾಯಿ: ಡಾಕ್ಟ್ರೇ, ಬೆನ್ನಿನ ಎಂಆರ್‌ಐ ಇನ್ನೂ ಮಾಡಿಸಿಲ್ಲ. ಪರವಾಗಿಲ್ವಾ?

ಉತ್ತರ: ಅದು ಬೇಕೇ ಬೇಕಮ್ಮ. ಡೋಸ್ ಎಷ್ಟು ಅಂತ ನಿರ್ಧಾರವಾಗುವುದಕ್ಕೆ ಅದೂ ಬೇಕು. ಈ ವಾರವೇ ಮಾಡಿಸಿ.